ಜಡಿಮಳೆಯಲ್ಲಿ ಹುಟ್ಟಿದ ಕರುವಿಗೆ ಮೊದಲು ಗಿಣ್ಣುಹಾಲು

ಹುಟ್ಟಿದ ಕರುವಿನ ಕರುಳು ಹೆಚ್ಚುಕಡಿಮೆ ಖಾಲಿ ಜಾಗ. ಮೊದಲು ಬಂದ ಬ್ಯಾಕ್ಟೀರಿಯಾಕ್ಕೆ ಅಲ್ಲಿ ಬೇರೂರುವುದು ಸುಲಭ. ಕೊಡಗಿನ ಮಳೆಗಾಲದ ಒದ್ದೆ ಕೊಟ್ಟಿಗೆಯಲ್ಲಿ ಸಗಣಿಯಿಂದ ಬಾಯಿಗೆ ಹೋಗುವ ಕೆಲವು ಬಗೆಯ ಇ. ಕೋಲಿ, ಸಣ್ಣ ಎಳೆಗಳಿಂದ ಕರುಳಗೋಡೆಗೆ ಕಚ್ಚಿಕೊಂಡು ಮೊದಲ ದಿನಗಳಲ್ಲೇ ನೀರುಭೇದಿ ತರುತ್ತದೆ. ಗಿಣ್ಣಿನಲ್ಲಿರುವ, ರೋಗ ತಡೆಯುವ ಪ್ರತಿಕಾಯಗಳು ಆ ಹಿಡಿತ ತಪ್ಪಿಸುತ್ತವೆ.

25 ಕಿಲೋ ಕರುವಿಗೆ ಎರಡೂವರೆ ಲೀಟರ್ ಗಿಣ್ಣುಹಾಲು ಬೇಕು: ಅರ್ಧದಷ್ಟು ಹುಟ್ಟಿದ 2 ಗಂಟೆಯೊಳಗೆ, ಉಳಿದದ್ದು 12 ಗಂಟೆಯೊಳಗೆ. ಹಸುವಿನ ಸತ್ತೆ (ಮಾಸು) ಬೀಳಲೆಂದು ಕಾಯುವುದೇ ದೊಡ್ಡ ತಪ್ಪು. ಒಂದು ದಿನ ಕಳೆದರೆ ಪ್ರತಿಕಾಯಗಳು ಕರುಳಿನಿಂದ ರಕ್ತ ಸೇರುವುದಿಲ್ಲ. ಕೆಚ್ಚಲು ತೊಳೆದು ಒರೆಸಿಯೇ ಕುಡಿಸಿ. ಮೊಲೆತೊಟ್ಟಿಗೆ ಸಗಣಿ ಅಂಟಿದ್ದರೆ ರೋಗಾಣುವೇ ಮೊದಲ ಗುಟುಕು. ನೆಲಕ್ಕೆ ದಿನವೂ ಒಣಹುಲ್ಲು ಹಾಸಿ.

ಭೇದಿ ಕಂಡೊಡನೆ ಮನೆಯಲ್ಲಿ ಉಳಿದ ಆಂಟಿಬಯಾಟಿಕ್ ಹಾಕಬೇಡಿ, ದಯವಿಟ್ಟು. ಒಳ್ಳೆಯ ಬ್ಯಾಕ್ಟೀರಿಯಾ ಸತ್ತು, ಮದ್ದಿಗೆ ಬಗ್ಗದ ಸಾಲ್ಮೊನೆಲ್ಲಾ ಎಂಬ ರೋಗಾಣುವಿಗೆ ಜಾಗ ತೆರವಾಗುತ್ತದೆ. ಓಆರ್‌ಎಸ್ ಕುಡಿಸುತ್ತಾ ಪಶುವೈದ್ಯರನ್ನು ಕರೆಸಿ.