ಲೇಪನದ ಪ್ಲಾಸ್ಮಾಕ್ಕೆ ಗಣಕ ಮಾದರಿ ಕಟ್ಟುವ ಬಗೆ

ತೆಳುಪದರದ ಲೇಪನಕ್ಕೆ ಬಳಸುವ ಪ್ಲಾಸ್ಮಾ ವಿಸರ್ಜನೆಗೆ (ವಿದ್ಯುತ್ತಿನಿಂದ ಅಯಾನು, ಎಲೆಕ್ಟ್ರಾನುಗಳಾಗಿ ಒಡೆದ ಅನಿಲಕ್ಕೆ) ಮಾದರಿ ಕಟ್ಟಲು ಹೊರಟವರು ತಂತ್ರಾಂಶವನ್ನು ಆರಿಸುವ ಮೊದಲು, ತಮಗೆ ಬೇಕಾದ ಉತ್ತರ ಯಾವುದೆಂಬುದನ್ನು ಬರೆದಿಟ್ಟುಕೊಳ್ಳಬೇಕು. ಪದರದ ಗುಣವನ್ನು ನಿರ್ಧರಿಸುವುದು ಅದರ ಮೇಲೆ ಬಂದು ಬೀಳುವ ಅಯಾನುಗಳ ಹರಿವು, ಅವುಗಳ ಶಕ್ತಿ ಮತ್ತು ತಟಸ್ಥ ಕಣಗಳ ಹರಿವು. ಈ ಮೂರರಲ್ಲಿ ಯಾವುದು ಬೇಕು, ಎಷ್ಟು ನಿಖರವಾಗಿ ಬೇಕು ಎಂಬುದರ ಮೇಲೆ ಮಾದರಿಯ ಬಗೆ ತೀರ್ಮಾನವಾಗುತ್ತದೆ.

ಮೊದಲ ಹೆಜ್ಜೆ ಯಾವಾಗಲೂ ಶೂನ್ಯ ಆಯಾಮದ ಮಾದರಿಯೇ ಆಗಿರಲಿ. ಇಲ್ಲಿ ಇಡೀ ಕೋಣೆಗೆ ಒಂದೇ ಸಾಂದ್ರತೆ, ಒಂದೇ ಎಲೆಕ್ಟ್ರಾನ್ ತಾಪ ಎಂದು ಭಾವಿಸಿ, ಅಯಾನೀಕರಣದಿಂದ ಹುಟ್ಟುವ ಅಯಾನುಗಳೆಲ್ಲ ಬೋಮ್ ವೇಗದಲ್ಲಿ (ಪ್ಲಾಸ್ಮಾದ ಅಂಚಿನಲ್ಲಿ ಅಯಾನುಗಳು ಗೋಡೆಯತ್ತ ಪಡೆಯುವ ವೇಗ) ಗೋಡೆ ಸೇರುತ್ತವೆ ಎಂಬ ಸಮತೋಲನವನ್ನು ಬರೆಯುತ್ತೇವೆ. 1 ಪಾಸ್ಕಲ್ ಒತ್ತಡದ ಆರ್ಗಾನ್, ಎದುರುಬದುರಾದ ಎರಡು ಅಗಲ ಫಲಕಗಳು, ನಡುವೆ 5 ಸೆಂಟಿಮೀಟರ್ ಅಂತರ ಇದೆ ಎನ್ನೋಣ. ಕೋಣೆಯ ಉಷ್ಣತೆಯಲ್ಲಿ ಅನಿಲದ ಸಾಂದ್ರತೆ ಘನ ಮೀಟರಿಗೆ ಸುಮಾರು 2.4×10²⁰ ಪರಮಾಣುಗಳಾಗುತ್ತದೆ, ಸಮತೋಲನವನ್ನು ಬಿಡಿಸಿದರೆ ಎಲೆಕ್ಟ್ರಾನ್ ತಾಪ ಸುಮಾರು 3 ಎಲೆಕ್ಟ್ರಾನ್ ವೋಲ್ಟ್ ಬರುತ್ತದೆ (ಇಲ್ಲಿ ತಾಪವನ್ನು ಶಕ್ತಿಯ ಏಕಮಾನದಲ್ಲಿ ಹೇಳುವುದು ರೂಢಿ). ಒತ್ತಡವನ್ನು 2 ಪಾಸ್ಕಲ್‌ಗೆ ಏರಿಸಿದರೆ ಅದು 2.6ರ ಆಸುಪಾಸಿಗೆ ಇಳಿಯುತ್ತದೆ. ಗಮನಿಸಬೇಕಾದದ್ದೇನೆಂದರೆ, ಈ ಲೆಕ್ಕದಲ್ಲಿ ವಿದ್ಯುತ್ ಪೂರೈಕೆ ಎಲ್ಲಿಯೂ ಬರಲಿಲ್ಲ. ತಾಪವನ್ನು ನಿರ್ಧರಿಸುವುದು ಒತ್ತಡ ಮತ್ತು ಕೋಣೆಯ ಆಕಾರ. ಪೂರೈಸಿದ ವ್ಯಾಟುಗಳು ನಿರ್ಧರಿಸುವುದು ಸಾಂದ್ರತೆಯನ್ನು. ಸಾಂದ್ರತೆಯನ್ನು ಕೊಡುವ ಎರಡನೆಯ ಸಮೀಕರಣದಲ್ಲಿ, ಅಂದರೆ ಶಕ್ತಿಯ ಸಮತೋಲನದಲ್ಲಿ, ಆರ್ಗಾನ್‌ನ ಅಯಾನೀಕರಣ ಶಕ್ತಿಯಾದ 15.76 ಎಲೆಕ್ಟ್ರಾನ್ ವೋಲ್ಟ್ ಅನ್ನು ಮಾತ್ರ ಹಾಕಿದರೆ ಸಾಂದ್ರತೆ ಬಹಳ ಹೆಚ್ಚಾಗಿ ಬಂದುಬಿಡುತ್ತದೆ. ಪರಮಾಣುಗಳನ್ನು ಉದ್ರೇಕಿಸುವುದರಲ್ಲಿ ವ್ಯಯವಾಗುವ ಶಕ್ತಿಯೂ ಸೇರಿದಾಗ, ಈ ತಾಪದಲ್ಲಿ ಒಂದು ಅಯಾನಿಗೆ ತಗಲುವ ವೆಚ್ಚ ಅದರ ಮೂರು ನಾಲ್ಕು ಪಟ್ಟಾಗುತ್ತದೆ.

ಅಯಾನೀಕರಣದ ದರಗಳಿಗೆ, ಎಲೆಕ್ಟ್ರಾನುಗಳ ಶಕ್ತಿ ಉಷ್ಣ ಸಮತೋಲನದಲ್ಲಿದ್ದಂತೆ ಹಂಚಿಹೋಗಿದೆ ಎನ್ನುವ ಮ್ಯಾಕ್ಸ್‌ವೆಲ್ ಹಂಚಿಕೆಯನ್ನು ಕಣ್ಣುಮುಚ್ಚಿ ಒಪ್ಪಿಕೊಳ್ಳುವುದು ಸರಿಯಲ್ಲ. ಘರ್ಷಣಾ ಅಡ್ಡಕೊಯ್ತಗಳನ್ನು (ಘರ್ಷಣೆ ಎಷ್ಟು ಸಂಭವನೀಯ ಎಂಬುದರ ಅಳತೆ) ಎಲ್‌ಎಕ್ಸ್‌ಕ್ಯಾಟ್ ದತ್ತಸಂಗ್ರಹದಿಂದ ಪಡೆದು, ಬೋಲ್ಸಿಗ್ ಪ್ಲಸ್‌ನಂಥ ಬೋಲ್ಟ್ಸ್‌ಮನ್ ಸಮೀಕರಣ ಬಿಡಿಸುವ ತಂತ್ರಾಂಶದಲ್ಲಿ ಶಕ್ತಿ ಹಂಚಿಕೆಯನ್ನು ಲೆಕ್ಕ ಹಾಕುವುದು ಒಳ್ಳೆಯದು. ಒಂದು ಅನಿಲದ ಅಡ್ಡಕೊಯ್ತಗಳನ್ನು ಬೇರೆ ಬೇರೆ ಸಂಗ್ರಹಗಳಿಂದ ಆಯ್ದು ಬೆರೆಸಬಾರದು. ಅವು ಒಂದು ಗುಂಪಾಗಿ ಹೊಂದಿಸಲ್ಪಟ್ಟಿರುತ್ತವೆ.

ಜಾಗದಿಂದ ಜಾಗಕ್ಕೆ ಆಗುವ ವ್ಯತ್ಯಾಸ ಬೇಕಾದಾಗ ದ್ರವ ಮಾದರಿ (ಪ್ಲಾಸ್ಮಾವನ್ನು ಹರಿಯುವ ದ್ರವದಂತೆ ನೋಡುವುದು) ಅಥವಾ ಕಣ ಮಾದರಿಯ (ಕಣಗಳ ಚಲನೆಯನ್ನೇ ಹಿಂಬಾಲಿಸುವುದು) ಪ್ರಶ್ನೆ ಏಳುತ್ತದೆ. ಸಿಲೇನ್‌ನಿಂದ (ಸಿಲಿಕಾನ್, ಹೈಡ್ರೋಜನ್ ಸೇರಿದ ಅನಿಲ) ಸಿಲಿಕಾನ್ ಪದರ ಬೆಳೆಸುವ, ನೂರಾರು ಪಾಸ್ಕಲ್ ಒತ್ತಡದ ಕೋಣೆಯಲ್ಲಿ ಘರ್ಷಣೆಗಳು ದಟ್ಟವಾಗಿರುವುದರಿಂದ ದ್ರವ ಮಾದರಿ ಚೆನ್ನಾಗಿ ನಡೆಯುತ್ತದೆ. 1 ಪಾಸ್ಕಲ್‌ನಲ್ಲಿ ಹಾಗಲ್ಲ: ಎಲೆಕ್ಟ್ರಾನ್ ಎರಡು ಘರ್ಷಣೆಗಳ ನಡುವೆ ಸೆಂಟಿಮೀಟರುಗಟ್ಟಲೆ ಸಾಗುತ್ತದೆ, ಸ್ಥಳೀಯ ಕ್ಷೇತ್ರವೇ ಅದರ ಶಕ್ತಿಯನ್ನು ನಿರ್ಧರಿಸುತ್ತದೆ ಎಂಬ ಊಹೆ ಮುರಿದು ಬೀಳುತ್ತದೆ. ಮ್ಯಾಗ್ನೆಟ್ರಾನ್‌ನಲ್ಲಿ (ಕಾಂತಕ್ಷೇತ್ರದಿಂದ ಎಲೆಕ್ಟ್ರಾನುಗಳನ್ನು ಹಿಡಿದಿಡುವ ಲೇಪನ ಸಾಧನ) ಕಷ್ಟ ಇನ್ನೂ ಹೆಚ್ಚು. ಅಲ್ಲಿ 30 ಮಿಲಿಟೆಸ್ಲಾ ಕ್ಷೇತ್ರದಲ್ಲಿ 3 ಎಲೆಕ್ಟ್ರಾನ್ ವೋಲ್ಟ್‌ನ ಎಲೆಕ್ಟ್ರಾನ್ 0.2 ಮಿಲಿಮೀಟರ್ ತ್ರಿಜ್ಯದಲ್ಲಿ ಸುತ್ತುತ್ತಿದ್ದರೆ, ಭಾರದ ಅಯಾನಿಗೆ ಆ ಕ್ಷೇತ್ರ ಹೆಚ್ಚುಕಡಿಮೆ ಇಲ್ಲದಂತೆಯೇ.

ಕಣ ಮಾದರಿಯನ್ನು ಆರಿಸಿದರೆ ಗಣನೆಯ ಹೊರೆಯನ್ನು ಮೊದಲೇ ಅಳೆಯಬೇಕು. ಸಾಂದ್ರತೆ ಘನ ಮೀಟರಿಗೆ 10¹⁶, ತಾಪ 3 ಎಲೆಕ್ಟ್ರಾನ್ ವೋಲ್ಟ್ ಇದ್ದಾಗ ಡಿಬೈ ಉದ್ದ (ಪ್ಲಾಸ್ಮಾದೊಳಗೆ ವಿದ್ಯುದಂಶದ ಪ್ರಭಾವ ಮರೆಯಾಗುವ ದೂರ) ಸುಮಾರು 0.13 ಮಿಲಿಮೀಟರ್; ಲೆಕ್ಕಕ್ಕಾಗಿ ಜಾಗವನ್ನು ಹಂಚುವ ಜಾಲದ ಕೋಶ ಇದಕ್ಕಿಂತ ದೊಡ್ಡದಾದರೆ ಎಲೆಕ್ಟ್ರಾನುಗಳು ಭೌತಿಕ ಕಾರಣವೇ ಇಲ್ಲದೆ ಬಿಸಿಯಾಗುತ್ತಾ ಹೋಗುತ್ತವೆ. ಪ್ಲಾಸ್ಮಾ ಆವರ್ತನೆ (ಎಲೆಕ್ಟ್ರಾನುಗಳ ಸಹಜ ಕಂಪನದ ಕೋನೀಯ ದರ) ಮತ್ತು ಕಾಲದ ಹೆಜ್ಜೆಯ ಗುಣಲಬ್ಧ 0.2 ಮೀರಬಾರದೆಂಬ ನಿಯಮದಂತೆ ಆ ಹೆಜ್ಜೆ 35 ಪಿಕೋಸೆಕೆಂಡ್ ಆಗುತ್ತದೆ, ವಿದ್ಯುತ್ ಪೂರೈಕೆಯ 13.56 ಮೆಗಾಹರ್ಟ್ಸ್‌ನ ಒಂದೇ ಆವರ್ತಕ್ಕೆ ಎರಡು ಸಾವಿರಕ್ಕೂ ಹೆಚ್ಚು ಹೆಜ್ಜೆಗಳು ಬೇಕು, ಸ್ಥಿರಸ್ಥಿತಿ ತಲುಪಲು ಸಾವಿರಾರು ಆವರ್ತಗಳು ಬೇಕು. ಒಂದು ಆಯಾಮದಲ್ಲಿ ಇದು ಸಾಧ್ಯ; ಮೂರು ಆಯಾಮಕ್ಕೆ ಕೈ ಹಾಕುವ ಮುನ್ನ ಅದು ನಿಜಕ್ಕೂ ಬೇಕೇ ಎಂದು ಯೋಚಿಸಬೇಕು.

ನನ್ನ ಅಭಿಪ್ರಾಯದಲ್ಲಿ ಹೆಚ್ಚಿನ ಶ್ರಮ ಸಲ್ಲಬೇಕಾದದ್ದು ಮೇಲ್ಮೈಯ ದತ್ತಾಂಶಕ್ಕೆ, ಆದರೆ ಅಲ್ಲಿಯೇ ಜನ ಅವಸರಪಡುತ್ತಾರೆ. ಆರ್ಗಾನ್ ಅಯಾನು ಗುರಿಫಲಕಕ್ಕೆ (ಲೇಪನದ ವಸ್ತುವನ್ನು ಒದಗಿಸುವ ಫಲಕ) ಬಡಿದಾಗ ಹೊರಬೀಳುವ ದ್ವಿತೀಯಕ ಎಲೆಕ್ಟ್ರಾನುಗಳ ಗುಣಾಂಕ (ಒಂದು ಅಯಾನಿಗೆ ಸರಾಸರಿ ಎಷ್ಟು ಎಂಬುದು) ಶುದ್ಧ ಲೋಹಗಳಿಗೆ 0.1ರ ಸುತ್ತಮುತ್ತ ಇದ್ದು, ಮೇಲ್ಮೈ ಆಕ್ಸೈಡ್ ಆಗುತ್ತಿದ್ದಂತೆ ಬದಲಾಗುತ್ತದೆ, ಅದರೊಡನೆ ವಿಸರ್ಜನೆಯ ವೋಲ್ಟೇಜೂ ಬದಲಾಗುತ್ತದೆ. ಸಿಲೇನ್ ಪ್ಲಾಸ್ಮಾದಲ್ಲಿ ಸಿಲಿಲ್ ಕಣವೊಂದು (ಒಂದು ಹೈಡ್ರೋಜನ್ ಕಳೆದುಕೊಂಡ ಸಿಲೇನ್) ಬೆಳೆಯುತ್ತಿರುವ ಪದರದ ಮೇಲೆ ಪ್ರತಿಕ್ರಿಯಿಸಿ ಕಳೆದುಹೋಗುವ ಸಂಭಾವ್ಯತೆ ಸುಮಾರು 0.26. ಹಾಗೆ ಕಳೆದುಹೋದದ್ದೆಲ್ಲ ಪದರಕ್ಕೆ ಅಂಟುವುದಿಲ್ಲ. ಒಂದು ಪಾಲು ಹೈಡ್ರೋಜನ್ ಕಿತ್ತುಕೊಂಡು ಮತ್ತೆ ಸಿಲೇನ್ ಆಗಿ ಮರಳುತ್ತದೆ. ಎರಡನ್ನೂ ಒಂದೇ ಎಂದು ಭಾವಿಸಿದರೆ ಬೆಳವಣಿಗೆಯ ದರ ಎಷ್ಟೋ ಪಾಲು ತಪ್ಪುತ್ತದೆ.

ಬರೆದ ಕ್ರಮವಿಧಿಯನ್ನು ಪರೀಕ್ಷಿಸಲು 2013ರಲ್ಲಿ ಪ್ರಕಟವಾದ, 6.7 ಸೆಂಟಿಮೀಟರ್ ಅಂತರದ ಹೀಲಿಯಂ ವಿಸರ್ಜನೆಯ ನಾಲ್ಕು ಮಾನದಂಡ ಪ್ರಕರಣಗಳಿವೆ. ಅವುಗಳ ಅಯಾನು ಸಾಂದ್ರತೆಯ ವಕ್ರರೇಖೆಗೆ ಹೊಂದುವವರೆಗೆ ಸ್ವಂತ ಕೋಣೆಯ ಲೆಕ್ಕಕ್ಕೆ ಹೋಗಬಾರದು. ಆಮೇಲೆ ಜಾಲವನ್ನು ಅರ್ಧಕ್ಕೆ ಇಳಿಸಿ, ಕಣಗಳ ಸಂಖ್ಯೆಯನ್ನು ಇಮ್ಮಡಿಗೊಳಿಸಿ ಉತ್ತರ ನಿಲ್ಲುತ್ತದೆಯೇ ಎಂದು ನೋಡಬೇಕು. ಪ್ರಯೋಗದ ಅಳತೆಯೊಂದಿಗೆ ಹೋಲಿಸುವಾಗ ಒಂದು ಒತ್ತಡದಲ್ಲಿ ಗುಣಾಂಕಗಳನ್ನು ಹೊಂದಿಸಿ ಬೀಗ ಹಾಕಿ, ಉಳಿದ ಒತ್ತಡಗಳ ಲೆಕ್ಕವನ್ನು ಅವನ್ನು ಮುಟ್ಟದೆಯೇ ನಡೆಸಬೇಕು.