ಮನೆಯಂಥ ಪುನರ್ವಸತಿ ಕೇಂದ್ರ: ನಕ್ಷೆಗಿಂತ ಮೊದಲು ಯೋಚಿಸಬೇಕಾದದ್ದು

ನಮ್ಮ ಕಾಕಾ ಎಂಟು ತಿಂಗಳು ಒಂದು ಮಾನಸಿಕ ಪುನರ್ವಸತಿ ಕೇಂದ್ರದಲ್ಲಿ ಇದ್ದರು. ಕಟ್ಟಡ ಹೊಸದು, ಊಟಕ್ಕೂ ಕೊರತೆ ಇರಲಿಲ್ಲ. ಆದರೆ ಮನೆಗೆ ಬಂದ ಯಾರನ್ನೂ ಚಾ ಕುಡಿಸದೆ ಕಳಿಸದ ಆ ಮನುಷ್ಯನಿಗೆ, ನಾವು ಭೇಟಿಗೆ ಹೋದಾಗ "ಬರ್ರಿ, ಕೂಡ್ರಿ" ಅಂತ ಹೇಳಲು ಒಂದು ಜಾಗವೇ ಇರಲಿಲ್ಲ. ಹುಬ್ಬಳ್ಳಿ, ಧಾರವಾಡ, ಗದಗ ಕಡೆ ನೀವು ಇಂಥ ಕೇಂದ್ರ ಕಟ್ಟುವವರಿದ್ದರೆ, ಅಲ್ಲಿರುವವರು ದಿನಾ ತಮ್ಮ ಕೈಯಿಂದ ಏನೇನು ಮಾಡಬಹುದು ಅಂತ ಮೊದಲು ಬರೆದುಕೊಳ್ಳಿ. ನಕ್ಷೆ ಆಮೇಲೆ.

ಜಾಗ ಅಗ್ಗ ಅಂತ ಊರಾಚೆ ಹೋಗಬೇಡಿ. ಕಿರಾಣಿ ಅಂಗಡಿ, ಕಟಿಂಗ್ ಅಂಗಡಿ ನಡೆದು ಹೋಗುವಷ್ಟು ಹತ್ತಿರ ಇರಲಿ, ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆಗೆ ಹೋಗಿಬರಲು ಬಸ್ಸೂ ಇರಲಿ.

ಉದ್ದನೆಯ ಕಾರಿಡಾರ್, ಎರಡೂ ಬದಿ ಕೋಣೆ ಅಂದರೆ ಅದು ಆಸ್ಪತ್ರೆಯೇ. ನಮ್ಮ ಹಳೇ ಮನೆಗಳ ಹಾಗೆ ಮುಂದೆ ಕಟ್ಟೆ, ಒಳಗೆ ದೊಡ್ಡ ಪಡಸಾಲೆ, ಕೋಣೆಗಳ ಬಾಗಿಲು ಪಡಸಾಲೆಗೇ ತೆರೆಯಲಿ. ಮಾತಾಡಲು ಮನಸ್ಸಿಲ್ಲದವರು ಕಂಬಕ್ಕೆ ಒರಗಿ ಸುಮ್ನೆ ಕೂತಿದ್ದರೂ ನಾಲ್ಕು ಜನರ ನಡುವೆ ಇದ್ದ ಹಾಗಾಗುತ್ತದೆ, ಕೌದಿ ಹೊಲಿಯುವವರು ಅಲ್ಲೇ ಕೂತು ಹೊಲಿಯಬಹುದು. ಒಂದು ಕೋಣೆಗೆ ಇಬ್ಬರು ಸಾಕು. ಪ್ರತಿಯೊಬ್ಬರಿಗೂ ಒಂದು ಟ್ರಂಕ್, ಅದರ ಕೀಲಿ ಅವರ ಕೈಯಲ್ಲೇ. ಯೂನಿಫಾರ್ಮ್ ಬೇಡವೇ ಬೇಡ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೂಡ ಸ್ವಂತ ಬಟ್ಟೆ ತೊಡುವ ಹಕ್ಕು ಕೊಟ್ಟಿದೆ, ಬಲವಂತವಾಗಿ ತಲೆ ಬೋಳಿಸುವಂತಿಲ್ಲ, ಸರಪಳಿ ಹಾಕುವಂತಿಲ್ಲ ಅನ್ನುತ್ತದೆ. ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ಕೇಂದ್ರದ ನೋಂದಣಿಯೂ ಆಗಬೇಕು.

ಸುರಕ್ಷತೆಯಲ್ಲಿ ಮಾತ್ರ ರಾಜಿ ಇಲ್ಲ. ಬಚ್ಚಲ ಬಾಗಿಲು ಹೊರಕ್ಕೆ ತೆರೆಯಲಿ, ಒಳಗಿನ ಚಿಲಕವನ್ನು ಹೊರಗಿನಿಂದಲೂ ತೆಗೆಯಲು ಬರಲಿ. ಯಾರೂ ನೇಣು ಹಾಕಿಕೊಳ್ಳಲು ಬರದ ಹಾಗೆ ಗೋಡೆಯ ಕೊಕ್ಕೆಗಳು ಭಾರ ಬಿದ್ದರೆ ಕಳಚಿಕೊಳ್ಳುವಂಥವು ಇರಲಿ. ಹೊರಗೆ ಓಡಲು ಎರಡು ದಾರಿ ಬೇಕು. 2001ರಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಮಾನಸಿಕ ರೋಗಿಗಳನ್ನು ಇಟ್ಟಿದ್ದ ಕೇಂದ್ರಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿ ಕಟ್ಟಿಹಾಕಿದ್ದ 28 ಜನ ಸತ್ತರು. ಕಿಟಕಿಗೆ ಸರಳು, ಗೇಟಿಗೆ ಬೀಗ ಹಾಕುವ ಮೊದಲು ಅದನ್ನು ನೆನೆಯಿರಿ.

ಅಡುಗೆಮನೆಗೆ ಜಾಸ್ತಿ ಜಾಗ ಕೊಡಿ, ಅಲ್ಲೇ ಜನ ಚೇತರಿಸಿಕೊಳ್ಳುತ್ತಾರೆ. ಇಪ್ಪತ್ತು ವರ್ಷ ರೊಟ್ಟಿ ಬಡಿದ ಕೈಗೆ ಕಾಗದದ ಹೂ ಮಾಡಲು ಕೊಟ್ಟರೆ ಹೇಗೆ ಹೇಳಿ? ಜೋಳದ ಹಿಟ್ಟು ಕೊಡಿ, ಕಲ್ಲು ಕೊಡಿ. ನಾದುವುದು, ಬಡಿಯುವುದು, ಬೇಯಿಸುವುದು ಅಂತ ಒಂದೊಂದು ಕೆಲಸ ಒಬ್ಬೊಬ್ಬರಿಗೆ ಹಂಚಬಹುದು, ಗಮನ ಬೇಗ ಚದುರುವವರಿಗೆ ಹಿಟ್ಟು ನಾದುವುದು ಸುಲಭ. ಚಾಕು ದಿನಾ ಎಣಿಸಿ ಒಳಗಿಡಿ. ಆದರೆ ಇದು ಅವರ ಇಷ್ಟದ ಮೇಲೆ ನಡೆಯಬೇಕು. ಸಂಸ್ಥೆಯ ಕೆಲಸ ಮಾಡಿಸಿಕೊಂಡರೆ ಕೂಲಿ ಕೊಡಬೇಕು ಅಂತಲೂ ಕಾಯ್ದೆಯಲ್ಲಿದೆ.

ಉಪವಾಸದ ವಿಷಯ ಬಹಳ ಜನ ಮರೆಯುತ್ತಾರೆ. ಮನಸ್ಸಿನ ಏರುಪೇರಿಗೆ ಕೊಡುವ ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರು ನೀರು, ಉಪ್ಪು ಒಮ್ಮೆಲೇ ಕಡಿಮೆ ಮಾಡಿದರೆ ರಕ್ತದಲ್ಲಿ ಲಿಥಿಯಂ ಅಪಾಯದ ಮಟ್ಟಕ್ಕೆ ಏರಬಹುದು. ಶ್ರಾವಣ ಸೋಮವಾರವಿರಲಿ, ರಂಜಾನ್ ರೋಜಾ ಇರಲಿ, ಮೊದಲೇ ಡಾಕ್ಟರನ್ನು ಕೇಳಿ. ನಮ್ಮ ಕಡೆಯ ಬೇಸಿಗೆಗೆ ಪಡಸಾಲೆಯಲ್ಲೇ ನೀರಿನ ಹರವಿ ಇಡಿ.

ದೇವರ ಕೋಣೆ ಪ್ರತ್ಯೇಕ ಇರಲಿ, ಬಾಗಿಲು ಮುಚ್ಚಲು ಬರಲಿ. ಕೆಲವರಿಗೆ ಕಾಯಿಲೆಯಲ್ಲಿ ದೇವರ ದನಿಯೇ ಕೇಳಿ ಹೆದರಿಕೆ ಆಗಿರುತ್ತದೆ, ಅವರಿಗೆ ಭಜನೆ ತಪ್ಪಿಸಿಕೊಳ್ಳಲು ದಾರಿ ಬೇಕು ಅಲ್ವಾ? ನಮಾಜಿಗೂ ಒಂದು ಶಾಂತ ಮೂಲೆ ಬಿಡಿ.

ಹಬ್ಬಗಳನ್ನು ಬಿಡಬೇಡಿ. ಪಂಚಮಿಗೆ ಉಂಡಿ ಕಟ್ಟಲಿ, ಹಿತ್ತಲ ಬೇವಿನ ಮರಕ್ಕೆ ಜೋಕಾಲಿ ಹಾಕಿ. ಹಗ್ಗ ಅಂತ ಹೆದರಿ ಜೋಕಾಲಿಯನ್ನೇ ಬೇಡ ಅನ್ನುವುದು ಸರಿಯಲ್ಲ. ಬೆಳಿಗ್ಗೆ ಕಟ್ಟಿ, ಒಬ್ಬರು ಅಲ್ಲೇ ನಿಂತಿರಲಿ, ಸಂಜೆ ಬಿಚ್ಚಿ ಒಳಗಿಡಿ.