ಬೆಣ್ಣೆ ಬಿಸ್ಕತ್ತಿನಿಂದ ಬೆಣ್ಣೆ ತೆಗೆದ ಕಥೆ

"ಬೆಣ್ಣೆ ಬಿಸ್ಕತ್ತಲ್ಲಿ ಬೆಣ್ಣೇನೇ ಬೇಡ ಅಂದ್ರೆ ಉಳಿಯೋದೇನಮ್ಮ?" ಅಂತ ನಮ್ಮ ರಸ್ತೆಯ ಬೇಕರಿ ಅಣ್ಣ ನಕ್ಕಿದ್ದರು. ಎರಡು ವರ್ಷದ ಹಿಂದಿನ ಮಾತು. ಹೋದ ತಿಂಗಳು ಅವರೇ ದುಡ್ಡು ಕೊಟ್ಟು ಅರ್ಧ ಕೆಜಿ ಒಯ್ದರು. ಅದಕ್ಕೇ ಈಗ ಬರೆಯುವ ಧೈರ್ಯ ಬಂದಿದೆ.

ಶುರುವಾಗಿದ್ದು ಹಾಲು ಅಲರ್ಜಿ ಇರುವ ಒಂದು ಮಗುವಿನಿಂದ. ನಾನು ಮನೆಯಲ್ಲೇ ಬಿಸ್ಕತ್ತು ಮಾಡಿ ಮಾರುವವಳು, ಅದರ ಅಮ್ಮ ನನ್ನ ಹಳೇ ಗಿರಾಕಿ. ಬೇಕರಿ ಅಣ್ಣನ ಸಲಹೆ, "ವನಸ್ಪತಿ ಹಾಕಿ ಮುಗಿಸಿ, ಅದೂ ಗಿಡದ್ದೇ ಅಲ್ವಾ?" ಮಾತೇನೋ ಸರಿ. ಆದರೆ ವನಸ್ಪತಿಯ ಬಿಸ್ಕತ್ತನ್ನು ಕಡಿಮೆ ಬೆಲೆಗೆ ಯಾವ ಬೇಕರಿಯೂ ಕೊಡುತ್ತದೆ. ನನ್ನ ಹತ್ತಿರ ಯಾರು ಬರ್ತಾರೆ?

ಮೊದಲು ಎಲ್ಲರೂ ಮಾಡುವ ತಪ್ಪನ್ನೇ ಮಾಡಿದೆ. ಒಂದು ಕೆಜಿ ಮೈದಾಗೆ ಅರ್ಧ ಕೆಜಿ ಬೆಣ್ಣೆ ನನ್ನ ಲೆಕ್ಕ. ಅದರ ಜಾಗಕ್ಕೆ ಅರ್ಧ ಕೆಜಿ ಕೊಬ್ಬರಿ ಎಣ್ಣೆ ಸುರಿದೆ. ಬೆಣ್ಣೆಯಲ್ಲಿ ಜಿಡ್ಡು ನೂರಕ್ಕೆ ಎಂಬತ್ತು, ಉಳಿದದ್ದು ಹೆಚ್ಚೂಕಡಿಮೆ ನೀರು. ಗೊತ್ತಿದ್ದೂ ಮರೆತಿದ್ದೆ. ಬಿಸ್ಕತ್ತು ಹಿಡಿದರೆ ಕೈಯೆಲ್ಲ ಎಣ್ಣೆ. ಎರಡನೇ ಸಲ ನಾನೂರು ಗ್ರಾಂಗೆ ಇಳಿಸಿದೆ. ಜನವರಿಯಲ್ಲಿ ಚೆನ್ನಾಗೇ ಬಂತು, ಹಿಗ್ಗಿ ಎಲ್ಲರಿಗೂ ಹೇಳಿಕೊಂಡೆ. ಏಪ್ರಿಲ್ ಬಂದಾಗ ಗೊತ್ತಾಯಿತು. ಕೊಬ್ಬರಿ ಎಣ್ಣೆ 24-25 ಡಿಗ್ರಿಗೇ ಕರಗುತ್ತದೆ, ನನ್ನ ಅಡುಗೆಮನೆ 33. ಸಕ್ಕರೆ ಜೊತೆ ಎಷ್ಟು ಬೀಟ್ ಮಾಡಿದರೂ ಗಾಳಿಯೇ ಹಿಡಿಯಲಿಲ್ಲ. ಟ್ರೇ ಮೇಲೆ ಬಿಸ್ಕತ್ತುಗಳು ಒಂದಕ್ಕೊಂದು ಅಂಟಿ ಹಪ್ಪಳದ ಹಾಗೆ ಹರಡಿದವು. ಆ ಒಂದು ಆರ್ಡರ್‌ಗೆ ಎರಡೂವರೆ ಸಾವಿರ ಹೋಯಿತು.

ನಡುವೆ ಬೆಣ್ಣೆಹಣ್ಣನ್ನೂ ನೋಡಿದೆ. ಹೆಸರಲ್ಲೇ ಬೆಣ್ಣೆ ಇದೆಯಲ್ಲ ಅನ್ನುವ ಆಸೆ. ಚಾಕೊಲೇಟ್ ಕೇಕಿಗೆ ಪರವಾಗಿಲ್ಲ, ಬಣ್ಣ ಮುಚ್ಚಿಹೋಗುತ್ತದೆ. ಬಿಸ್ಕತ್ತಿಗೆ ಹಾಕಿದರೆ ಹಸಿರು, ಮೇಲೊಂದು ಕಹಿ. ಯಜಮಾನರು ಒಂದು ತಿಂದು, "ಇದು ಔಷಧಿನಾ?" ಅಂದರು.

ದಾರಿ ಸಿಕ್ಕಿದ್ದು ಊರಲ್ಲಿ, ಆಯಿಯ ಹಿಮ್ಮಡಿಯಲ್ಲಿ! ನಮ್ಮೂರು ಶಿರಸಿ ಹತ್ತಿರ. ಆಯಿ ಕಾಲೊಡಕಿಗೆ ಮುರುಗಲು ತುಪ್ಪ, ಅಂದರೆ ಕೋಕಂ ಬೀಜದ ಜಿಡ್ಡು, ಹಚ್ಚಿಕೊಳ್ಳುತ್ತ ಕೂತಿದ್ದಳು. ಸುಡು ಬೇಸಿಗೆಯಲ್ಲೂ ಉಂಡೆ ಕಲ್ಲಿನಂತೆ ಗಟ್ಟಿ. ನನ್ನ ಎಣ್ಣೆ ನಿಲ್ಲುತ್ತಿಲ್ಲ, ಇದು ಕರಗುತ್ತಿಲ್ಲ. ಎರಡನ್ನೂ ಸೇರಿಸಿದರೆ?

ಮುರುಗಲು ಬೀಜ ಒಣಗಿಸಿ, ಕುಟ್ಟಿ, ನೀರಲ್ಲಿ ಕುದಿಸಿ, ಮೇಲೆ ತೇಲುವ ಜಿಡ್ಡನ್ನು ತೆಗೆದು ಉಂಡೆ ಕಟ್ಟುವುದು ನಮ್ಮ ಕಡೆ ಹಳೇ ಪದ್ಧತಿ. ಅಡುಗೆಗೂ ಬಳಸುತ್ತಾರೆ. ಆದರೆ ಮನೆಯಲ್ಲಿ ತೆಗೆದದ್ದಕ್ಕೆ ಒಂದು ವಾಸನೆ ಇರುತ್ತದೆ. ನಾನು ಬಿಸಿನೀರಲ್ಲಿ ಕರಗಿಸಿ, ಕುದಿಸಿ, ಬಟ್ಟೆಯಲ್ಲಿ ಸೋಸಿ, ತಣ್ಣಗಾದ ಮೇಲೆ ಬಿಲ್ಲೆ ಎತ್ತುತ್ತೇನೆ. ಹೀಗೆ ಎರಡು ಸಲ. ಸೌಂದರ್ಯವರ್ಧಕಕ್ಕೆ ಅಂತ ಮಾರುವುದನ್ನು ಮಾತ್ರ ಅಡುಗೆಗೆ ತರಬೇಡಿ.

ಮೊದಲ ಮಿಶ್ರಣದಲ್ಲಿ ಅರ್ಧಕ್ಕರ್ಧ ಮುರುಗಲು ಹಾಕಿದೆ. ಬಿಸ್ಕತ್ತು ನೋಡಲು ಚಂದ, ಬಾಯಿಗೆ ಹಾಕಿದರೆ ಮೇಣ. ಮುರುಗಲು ತುಪ್ಪ ಕರಗುವುದು ಸುಮಾರು 40 ಡಿಗ್ರಿಗೆ, ನಮ್ಮ ಬಾಯಿ 37. ಅಂಗುಳಕ್ಕೆ ಅಂಟಿಕೊಂಡು ಕೂರುತ್ತದೆ. ಇಳಿಸುತ್ತಾ ಇಳಿಸುತ್ತಾ ಒಂದು ಕೆಜಿ ಮಿಶ್ರಣದಲ್ಲಿ ಈಗ ನೂರಿಪ್ಪತ್ತು ಗ್ರಾಂ ಆಸುಪಾಸು ನಿಂತಿದ್ದೇನೆ. ಬೇಸಿಗೆಯಲ್ಲಿ ನೂರೈವತ್ತು. ರಿಫೈನ್ಡ್ ಕೊಬ್ಬರಿ ಎಣ್ಣೆ ಐನೂರೈವತ್ತು, ಕಡಲೆಕಾಯಿ ಎಣ್ಣೆ ನೂರಮೂವತ್ತು, ಉಳಿದದ್ದು ಗೋಡಂಬಿ ಮೊಸರು. ಎಣ್ಣೆ-ನೀರು ಬೇರೆಯಾಗದಂತೆ ಹಿಡಿದಿಡುವ ಲೆಸಿಥಿನ್ ಒಂದು ಚಮಚ, ಉಪ್ಪು, ಬಣ್ಣಕ್ಕೆ ಚಿಟಿಕೆಗಿಂತ ಕಡಿಮೆ ಅರಿಶಿನ.

ಗೋಡಂಬಿ ಮೊಸರಿಗೆ ಹೆಪ್ಪು ಹಸಿಮೆಣಸಿನಕಾಯಿ ತೊಟ್ಟು. ನಾಲ್ಕೈದು ತೊಟ್ಟು ಹಾಕಿಟ್ಟರೆ ಹುಳಿ ಬರುತ್ತದೆ. ಬೆಣ್ಣೆಯ ಪರಿಮಳ ಅರ್ಧ ಅಲ್ಲೇ ಸಿಗುತ್ತದೆ, ಬಿಸ್ಕತ್ತು ಕೆಂಪಗಾಗುವುದೂ ಅದರಿಂದಲೇ. ಎಷ್ಟು ಹೊತ್ತು ಇಡುತ್ತೇನೆ, ಜೊತೆಗೆ ಇನ್ನೇನು ಹಾಕುತ್ತೇನೆ ಅನ್ನೋದು ನನ್ನ ಹತ್ತಿರವೇ ಇರಲಿ. ಅದಕ್ಕೆ ನಾಲ್ಕು ತಿಂಗಳು ಖರ್ಚಾಗಿದೆ.

ಇದೆಲ್ಲ ಆದ ಮೇಲೂ ಮಿಶ್ರಣ ರವೆ ರವೆಯಾಗಿ ಬರುತ್ತಿತ್ತು. ಕಾರಣ ನನ್ನ ಸೋಮಾರಿತನ. ಕರಗಿಸಿ, ಮುಚ್ಚಿಟ್ಟು, ಮಲಗಿಬಿಡುತ್ತಿದ್ದೆ. ನಿಧಾನ ತಣ್ಣಗಾದರೆ ಮುರುಗಲು ಮೊದಲೇ ಹರಳುಗಟ್ಟಿ ಬೇರೆಯಾಗುತ್ತದೆ. ಈಗ ಪಾತ್ರೆಯನ್ನು ಐಸ್ ನೀರಲ್ಲಿಟ್ಟು, ಗಟ್ಟಿಯಾಗುವವರೆಗೂ ಬೀಟರ್ ನಿಲ್ಲಿಸುವುದಿಲ್ಲ. ಹಳೇ ಬೀಟರ್ ಇದರಲ್ಲೇ ಸುಟ್ಟುಹೋಯಿತು, ಅದೊಂದು ಎರಡು ಸಾವಿರ.

ದುಡ್ಡಿನ ಮಾತು. ಪ್ರಯೋಗಕ್ಕೆ ಒಟ್ಟು ಹದಿನಾಲ್ಕು ಹದಿನೈದು ಸಾವಿರ ಕಳೆದಿರಬೇಕು. ಪೂರ್ತಿ ಬರೆದಿಟ್ಟಿಲ್ಲ, ಬರೆದಿದ್ದರೆ ನಿಲ್ಲಿಸಿಬಿಡುತ್ತಿದ್ದೆನೇನೋ. 2025ರಲ್ಲಿ ಕೊಬ್ಬರಿ ಎಣ್ಣೆ ಕೆಜಿಗೆ ನಾನೂರು ದಾಟಿದಾಗ ನಿದ್ದೆ ಬರಲಿಲ್ಲ. ಆಗಲೂ ಕೆಜಿ ಮಿಶ್ರಣ ಮುನ್ನೂರ ಎಂಬತ್ತರ ಸುತ್ತಮುತ್ತ ಬಿತ್ತು. ಬೆಣ್ಣೆಗೆ ನಾನು ಐನೂರೈವತ್ತರ ಮೇಲೇ ಕೊಡುತ್ತಿದ್ದೆ. ಇದರಲ್ಲಿ ನನ್ನ ಕೂಲಿ ಇಲ್ಲ, ಆಯಿ ಮುರುಗಲಿಗೆ ಹಾಕುವ ದರವೂ ಅಂಗಡಿ ದರವಲ್ಲ.

ಡಬ್ಬಿ ಮೇಲೆ ಏನಂತ ಬರೆಯೋದು ಅನ್ನೋದು ಇನ್ನೊಂದು ತಲೆನೋವು. ಗಿಡಮೂಲದ ಪದಾರ್ಥಕ್ಕೆ ಹಾಲಿನ ಪದಾರ್ಥದ ಹೆಸರು ಹಾಕಬಾರದು ಅಂತ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2021ರಲ್ಲೇ ಹೇಳಿದೆ. ಹಾಗಾಗಿ 'ಮುರುಗಲು ಬಿಸ್ಕತ್ತು'. ಗೋಡಂಬಿ ಇದೆ ಅಂತಲೂ ದಪ್ಪಗೆ ಬರೆಯುತ್ತೇನೆ. ಹಾಲು ಆಗದವರಿಗೆ ಗೋಡಂಬಿಯೂ ಆಗದೇ ಇರಬಹುದು. ಅಲರ್ಜಿ ಆರ್ಡರ್‌ಗೆ ಟ್ರೇ, ಜರಡಿ, ಬೀಟರ್ ಕಡ್ಡಿ ಎಲ್ಲ ಬೇರೆ.

ದಾವಣಗೆರೆಯ ಭಾವನಿಗೆ ಇದೇ ಮಿಶ್ರಣ ಹಾಕಿ ಬೆಣ್ಣೆ ದೋಸೆ ಹುಯ್ದುಕೊಟ್ಟೆ. ಎರಡು ತಿಂದರು. ಆಮೇಲೆ "ದೋಸೆ ಚೆನ್ನಾಗಿದೆ, ಬೆಣ್ಣೆ ದೋಸೆ ಯಾವಾಗ?" ಅಂದರು. ಒಪ್ಪಿಕೊಂಡೆ. ಬಿಸಿ ಕಾವಲಿ ಮೇಲೆ ಆ ಮೊಸರಿನ ಪರಿಮಳವೆಲ್ಲ ಹಾರಿಹೋಗುತ್ತದೆ, ಎಣ್ಣೆ ಮಾತ್ರ ಉಳಿಯುತ್ತದೆ. ಒಗ್ಗರಣೆಗೂ ಬೇಡ, ಮುಖಕ್ಕೇ ಸಿಡಿಯುತ್ತದೆ.

ಪಫ್ಸ್ ಮಾತ್ರ ಇನ್ನೂ ಕೈಗೆ ಬಂದಿಲ್ಲ. ತಣ್ಣಗಿದ್ದರೆ ಲಟ್ಟಿಸುವಾಗ ಜಿಡ್ಡು ಒಡೆಯುತ್ತದೆ, ಸ್ವಲ್ಪ ಬಿಟ್ಟರೆ ಹಿಟ್ಟೊಳಗೇ ಇಳಿಯುತ್ತದೆ. ಪದರ ಬರುವುದೇ ಇಲ್ಲ. ಹೋದ ವಾರ ಆಯಿ ಒಂದು ಡಬ್ಬಿ ಉಪ್ಪಾಗೆ ತುಪ್ಪ ಕಳಿಸಿದ್ದಾಳೆ, ಉಪ್ಪಾಗೆ ಮುರುಗಲಿನ ಜಾತಿಯದೇ ಇನ್ನೊಂದು ಮರ. ಈ ಭಾನುವಾರ ಅದರ ಸರದಿ.